ಸ್ಟೋರ್ ರೂಮು, ಇಸ್ಟೋರ್ ರೂಮ್: ಇಂಗ್ಲಿಷ್ ಜೋಡುಪದಗಳನ್ನು ಬಿಡಿಸುವುದು ಹೇಗೆ, ಒತ್ತುವುದು ಎಲ್ಲಿ



ಈ ಸಲದ ಸಂಚಿಕೆಗೆ ಇಂಗ್ಲಿಷ್ ವಿಭಾಗದಿಂದ ಒಂದು ಪಾಠ ಬರೆದುಕೊಡಿ ಎಂದು ಸಂಪಾದಕ ಬಳಗದವರು ಕೇಳಿದಾಗ, ಪ್ಯಾಸಿವ್ ವಾಯ್ಸ್ ಬಗ್ಗೆ ಬರೆದರಾಯಿತು ಎಂದುಕೊಂಡಿದ್ದೆ. ಆದರೆ ಕಳೆದ ವರ್ಷ ಪ್ರಥಮ ಪಿಯುಸಿ ತರಗತಿಯಲ್ಲಿ ನಡೆದ ಒಂದು ಘಟನೆ ಮನಸ್ಸಿನಿಂದ ಹೋಗಿಲ್ಲ. ಅದರ ಲೆಕ್ಕ ಇನ್ನೂ ಬಾಕಿ ಇದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಪಾಠ ಓದಿಸುತ್ತಿದ್ದೆ. ಉರ್ದು ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಬಂದ ಒಬ್ಬ ಹುಡುಗಿಯ ಸರದಿ. ಚೆನ್ನಾಗಿಯೇ ಓದುತ್ತಿದ್ದಳು. ನಡುವೆ ‘ಇಸ್ಟೋರ್ ರೂಮ್’ ಎಂದಳು. ಹಿಂದಿನ ಬೆಂಚಿನಿಂದ ನಗು ಬಂತು. ಒಬ್ಬ ಹುಡುಗ ಎದ್ದು, ‘ಸರ್, ಅದು ಇಸ್ಟೋರ್ ಅಲ್ಲ, ಸ್ಟೋರ್ ರೂಮು’ ಎಂದು ತಿದ್ದಿದ. ಇಡೀ ತರಗತಿ ಇನ್ನೊಮ್ಮೆ ನಕ್ಕಿತು. ನಿಜ ಹೇಳಬೇಕೆಂದರೆ ನಾನೂ ಮುಗುಳ್ನಕ್ಕೆ. ಹುಡುಗಿ ಪುಸ್ತಕ ಮುಚ್ಚಿ ಕೂತಳು. ಆಮೇಲೆ ಎರಡು ವಾರ ಅವಳ ಸರದಿ ಬಂದಾಗಲೆಲ್ಲ ‘ಗಂಟಲು ಸರಿಯಿಲ್ಲ ಸರ್’ ಎನ್ನುತ್ತಿದ್ದಳು.

ಅವಳ ಗಂಟಲಿಗೆ ಏನೂ ಆಗಿರಲಿಲ್ಲ ಎಂಬುದು ನನಗೂ ಗೊತ್ತಿತ್ತು, ನಿಮಗೂ ಗೊತ್ತಾಗುತ್ತದೆ. ಆದರೆ ಆ ದಿನ ನನ್ನ ತಲೆಗೆ ಹೊಳೆಯದೇ ಹೋದ ಸಂಗತಿ ಬೇರೆ. ತಿದ್ದಿದ ಹುಡುಗನೂ ಅವಳಷ್ಟೇ ತಪ್ಪು ಮಾಡಿದ್ದ. ಅದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ಉಚ್ಚಾರಾಂಶ ಎಂದರೇನು ನೋಡಬೇಕು. ನಾವು ತರಗತಿಯಲ್ಲಿ ಸಿಲಬಲ್ ಎನ್ನುವುದು ಇದನ್ನೇ.

ಗಲ್ಲದ ಕೆಳಗೆ ಅಂಗೈ ಇಟ್ಟುಕೊಂಡು ಒಂದು ಪದ ಹೇಳಿ. ಗಲ್ಲ ಎಷ್ಟು ಸಲ ಕೈಗೆ ತಾಗುತ್ತದೋ ಹೆಚ್ಚುಕಡಿಮೆ ಅಷ್ಟು ಉಚ್ಚಾರಾಂಶ. ಸ್ವರ ಬಂದಾಗಲೆಲ್ಲ ಬಾಯಿ ತೆರೆಯುತ್ತದೆ, ಅದಕ್ಕೇ ಹೀಗೆ. ಇಲ್ಲಿ ಎಣಿಸಬೇಕಾದ್ದು ಕಿವಿಗೆ ಕೇಳುವ ಸ್ವರಗಳನ್ನು, ಸ್ಪೆಲ್ಲಿಂಗಿನಲ್ಲಿ ಕಾಣುವ ಎ, ಇ, ಐ, ಒ, ಯು ಅಕ್ಷರಗಳನ್ನಲ್ಲ. ‘ಹೋಮ್’ ಎಂಬ ಪದದ ಸ್ಪೆಲ್ಲಿಂಗಿನಲ್ಲಿ ಎರಡು ಸ್ವರಾಕ್ಷರಗಳಿವೆ, ಉಚ್ಚಾರಾಂಶ ಒಂದೇ.

ಕನ್ನಡ ಮಾಧ್ಯಮದವರು ಇಲ್ಲಿ ಒಂದು ಗೊಂದಲಕ್ಕೆ ಬೀಳುತ್ತೀರಿ. ನಮ್ಮ ಲಿಪಿಯ ಅಕ್ಷರವೂ ಮಾತಿನ ಉಚ್ಚಾರಾಂಶವೂ ಒಂದೇ ಎಂದುಕೊಳ್ಳುತ್ತೀರಿ. ಬರೆಯುವಾಗ ಪು-ಸ್ತ-ಕ. ಆದರೆ ನಿಧಾನವಾಗಿ ಹೇಳಿ ನೋಡಿ: ಪುಸ್-ತ-ಕ. ‘ಸ್’ ಹಿಂದಿನದಕ್ಕೆ ಅಂಟಿಕೊಳ್ಳುತ್ತದೆ. ಹೈಸ್ಕೂಲಿನಲ್ಲಿ ಛಂದಸ್ಸಿನ ಪ್ರಸ್ತಾರ ಹಾಕಿದವರು ಇದನ್ನು ಆಗಲೇ ಕಲಿತಿದ್ದೀರಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಮೇಷ್ಟ್ರು ಬಾಯಿಪಾಠ ಮಾಡಿಸಿರುತ್ತಾರೆ. ಯಾಕೆ ಗುರು? ಅದು ಒಂದು ವ್ಯಂಜನವನ್ನು ಹೆಚ್ಚಿಗೆ ಹೊತ್ತಿದೆ, ಅದಕ್ಕೆ. ಭಾಮಿನಿ ಷಟ್ಪದಿಗೆ ಮೂರು ನಾಲ್ಕು ಮೂರು ನಾಲ್ಕು ಎಂದು ಗಣ ಕಟ್ಟಿದ ಕೈಗೆ ಇಂಗ್ಲಿಷ್ ಪದವನ್ನು ಬಿಡಿಸುವುದು ಹೊಸ ಕೆಲಸವೇನಲ್ಲ. ಮನೆಯಲ್ಲಿ ಉರ್ದು ಶಾಯಿರಿ ಓದುವ ಹಿರಿಯರಿದ್ದರೆ ‘ತಕ್ತೀ’ ಎಂದರೇನು ಎಂದು ಕೇಳಿ. ಅವರೂ ಸಾಲನ್ನು ಹೀಗೇ ತುಂಡು ಮಾಡಿ ಅಳೆಯುತ್ತಾರೆ.

ಈಗ ಸ್ಟೋರ್ ರೂಮಿಗೆ ಬರೋಣ. ಇಂಗ್ಲಿಷಿನಲ್ಲಿ ಅದು ಸ್ಟೋರ್-ರೂಮ್, ಎರಡೇ ಉಚ್ಚಾರಾಂಶ. ಹುಡುಗಿ ಹೇಳಿದ್ದು ಇಸ್-ಟೋರ್-ರೂಮ್, ಮೂರು. ಹುಡುಗ ಹೇಳಿದ್ದು ಸ್ಟೋರ್-ರೂ-ಮು, ಅದೂ ಮೂರು. ಅವಳು ಮುಂದೆ ಒಂದು ‘ಇ’ ಸೇರಿಸಿದಳು, ಇವನು ಹಿಂದೆ ಒಂದು ‘ಉ’ ಸೇರಿಸಿದ. ಲೆಕ್ಕ ಸಮ. ನಕ್ಕದ್ದು ಮಾತ್ರ ಒಂದೇ ಕಡೆಯವರು.

ಹೀಗೇಕೆ ಆಗುತ್ತದೆ? ಪ್ರತಿ ಭಾಷೆಗೂ ಉಚ್ಚಾರಾಂಶ ಕಟ್ಟುವ ಅದರದೇ ಅಚ್ಚು ಇರುತ್ತದೆ. ಕನ್ನಡಕ್ಕೆ ಪದದ ಕೊನೆಯಲ್ಲಿ ಸ್ವರ ಇರಬೇಕು. ಬಸ್ಸು, ಕಾರು, ಲೈಟು, ರೋಡು, ಬೆಂಚು, ಎಲ್ಲಕ್ಕೂ ನಾವು ‘ಉ’ಕಾರದ ಬಾಲ ಕಟ್ಟಿದ್ದು ಅದಕ್ಕೇ. ನಮ್ಮ ಮನೆಗಳ ದಖನಿ ಉರ್ದುವಿಗೆ ಕೊನೆಯ ವ್ಯಂಜನ ತೊಂದರೆಯಲ್ಲ, ಆದರೆ ಮೊದಲಲ್ಲೇ ಎರಡು ವ್ಯಂಜನ ಒಟ್ಟಿಗೆ ಬಂದರೆ ನಾಲಿಗೆ ಒಪ್ಪುವುದಿಲ್ಲ. ಇಸ್ಕೂಲ್, ಇಸ್ಟೇಷನ್, ಇಸ್ಟಾಂಪ್ ಹುಟ್ಟಿದ್ದು ಹೀಗೆ. ಅರಬ್ಬಿಯಲ್ಲೂ ಯಾವ ಪದವೂ ಎರಡು ವ್ಯಂಜನಗಳಿಂದ ಶುರುವಾಗುವುದಿಲ್ಲ. ಅಂಥ ಜಾಗದಲ್ಲಿ ಆಸರೆಗೆ ಒಂದು ಹಮ್ಜಾ ಬರುತ್ತದೆ, ಹಿಂದಿನ ಪದಕ್ಕೆ ಸೇರಿದಾಗ ಆ ಆಸರೆ ಬಿದ್ದುಹೋಗುತ್ತದೆ. ಮದರಸದಲ್ಲಿ ಓದಿದವರಿಗೆ ಉದಾಹರಣೆ ನಾಲಿಗೆಯ ತುದಿಯಲ್ಲೇ ಇದೆ. ಒಂಟಿಯಾಗಿದ್ದಾಗ ‘ಇಸ್ಮ್’, ‘ಬಿ’ ಸೇರಿದಾಗ ‘ಬಿಸ್ಮಿಲ್ಲಾಹ್’. ಸ್ಪೇನಿನವರು ಶಾಲೆಗೆ ‘ಎಸ್ಕ್ವೇಲಾ’ ಎನ್ನುತ್ತಾರೆ. ಅವರೂ ಮುಂದೆ ಒಂದು ಸ್ವರ ಇಟ್ಟುಕೊಂಡೇ ಹೊರಟವರು. ಹಾಗಿದ್ದ ಮೇಲೆ ಇಸ್ಟೋರ್ ಎನ್ನುವುದರಲ್ಲಿ ನಗುವಂಥದ್ದು ಏನಿದೆ?

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯ ಒಂದು ಪದ ಕೇಳಿ. ಹೊಗೆಸೊಪ್ಪು ಬೇಯಿಸುವ ಮನೆಗೆ ನಾವೆಲ್ಲ ‘ಬ್ಯಾರನ್’ ಎನ್ನುತ್ತೇವೆ. ಇಂಗ್ಲಿಷಿನ ಮೂಲ ಪದ ‘ಬಾರ್ನ್’, ಒಂದೇ ಉಚ್ಚಾರಾಂಶ. ಕೊನೆಯಲ್ಲಿ ‘ರ್‍ನ್’ ಎಂದು ಎರಡು ವ್ಯಂಜನ ಒಟ್ಟಾಗಿದ್ದನ್ನು ನಮ್ಮ ರೈತರ ನಾಲಿಗೆ ಬಿಡಿಸಿ ನಡುವೆ ಒಂದು ‘ಅ’ ಕೂರಿಸಿತು. ಊರಿನಲ್ಲಿ ಅದೇ ಸರಿ, ನಾನೂ ಹಾಗೆಯೇ ಹೇಳುತ್ತೇನೆ. ಆದರೆ ಇಂಗ್ಲಿಷಿನಲ್ಲಿ ‘ಬ್ಯಾರನ್’ ಎಂದು ಬೇರೆಯೇ ಒಂದು ಪದವಿದೆ. ಅದರ ಅರ್ಥ ಬಂಜರು. ‘ನಮ್ಮ ತಂದೆಗೆ ಎರಡು ಬ್ಯಾರನ್ ಇದೆ’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಕೇಳಿದವರು ಏನೆಂದುಕೊಳ್ಳುತ್ತಾರೋ ಯೋಚಿಸಿ.

ಇನ್ನು ಜೋಡುಪದಗಳನ್ನು ಬಿಡಿಸುವ ವಿಷಯ. ಕನ್ನಡದಲ್ಲಿ ಸಮಾಸ, ಸಂಧಿ ಎಂದು ಓದಿದ್ದೀರಿ. ಇಂಗ್ಲಿಷಿನ ಜೋಡುಪದ ಸಿಕ್ಕಾಗ ಮೊದಲು ಬೆಸುಗೆ ಎಲ್ಲಿದೆ ಎಂದು ಹುಡುಕಿ, ಅಲ್ಲಿ ಕತ್ತರಿಸಿ, ಆಮೇಲೆ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಉಚ್ಚಾರಾಂಶಗಳಾಗಿ ಬಿಡಿಸಿ. ಈ ಕ್ರಮ ತಪ್ಪಿದರೆ ಅನಾಹುತ. ಕುರಿ ಕಾಯುವವನಿಗೆ ಇಂಗ್ಲಿಷಿನಲ್ಲಿರುವ ಪದದ ನಡುವೆ ಪಿ ಮತ್ತು ಎಚ್ ಅಕ್ಷರಗಳು ಅಕ್ಕಪಕ್ಕ ಬರುತ್ತವೆ. ಪಿ ಎಚ್ ಸೇರಿದರೆ ‘ಫ’ ಎಂದು ಕಲಿತ ಮಕ್ಕಳು ‘ಶೆಫರ್ಡ್’ ಎಂದು ಓದುತ್ತಾರೆ. ಅದು ಶೀಪ್ ಮತ್ತು ಹರ್ಡ್ ಸೇರಿ ಆದ ಪದ. ಪಿ ಮೊದಲ ಭಾಗದ್ದು, ಎಚ್ ಎರಡನೆಯದರದ್ದು. ಎಚ್ ಈಗ ಬಾಯಲ್ಲಿ ಉಳಿದಿಲ್ಲ, ಆದ್ದರಿಂದ ‘ಶೆಪರ್ಡ್’. ಹಾಗೆಯೇ ಅವಘಡ ಎಂಬ ಅರ್ಥದ ಪದ ‘ಮಿಸ್-ಹ್ಯಾಪ್’. ಎಸ್ ಎಚ್ ಅಕ್ಕಪಕ್ಕ ಕಂಡಿತೆಂದು ‘ಮಿಶಾಪ್’ ಎಂದರೆ ಅದೇ ಒಂದು ಅವಘಡ. ‘ಹೋಮ್‌ವರ್ಕ್’ ಪದದ ನಡುವಿನ ಇ ಅಕ್ಷರ ಮೊದಲ ಭಾಗದ ಮೂಕ ಅಕ್ಷರ. ಬೆಸುಗೆ ಗೊತ್ತಿದ್ದರೆ ಯಾರೂ ‘ಹೋಮೆವರ್ಕ್’ ಎನ್ನುವುದಿಲ್ಲ.

ಬೆಸುಗೆಯ ಜಾಗ ಒಂದು ವ್ಯಂಜನದಷ್ಟು ಆಚೀಚೆ ಆದರೂ ಅರ್ಥ ಬದಲಾಗುತ್ತದೆ. ‘ವೈಟ್ ಶೂಸ್’ ಎಂದರೆ ಬಿಳಿ ಬೂಟು. ‘ಟ್’ ಮುಂದಕ್ಕೆ ಸರಿದು ‘ಶ’ಕಾರಕ್ಕೆ ಅಂಟಿಕೊಂಡರೆ ‘ವೈ ಚೂಸ್’, ಏಕೆ ಆರಿಸಬೇಕು ಎಂದಾಗುತ್ತದೆ.

ಕಾಮರ್ಸ್ ವಿಭಾಗದವರಿಗೆ ದಿನವೂ ಎದುರಾಗುವ ಪದ ಬುಕ್‌ಕೀಪಿಂಗ್. ಅದರ ಸ್ಪೆಲ್ಲಿಂಗಿನಲ್ಲಿ ಎರಡು ಒ, ಎರಡು ಕೆ, ಎರಡು ಇ ಸಾಲಾಗಿ ನಿಂತಿವೆ. ಬಿಡಿಸಿದರೆ ಬುಕ್-ಕೀ-ಪಿಂಗ್. ನಡುವಿನ ಎರಡು ‘ಕ’ಗಳನ್ನು ಬಿಟ್ಟು ಬಿಟ್ಟು ಹೇಳಬೇಕಿಲ್ಲ, ನಾಲಿಗೆಯನ್ನು ಅಲ್ಲೇ ಒಂದು ಕ್ಷಣ ಹಿಡಿದು ಬಿಟ್ಟರೆ ಸಾಕು. ಇದನ್ನು ಕಲಿಯಲು ಬೇರೆ ದೇಶದವರು ಎಷ್ಟು ಒದ್ದಾಡುತ್ತಾರೋ, ನಮಗೆ ಮಾತ್ರ ಇದು ಹುಟ್ಟಿನಿಂದ ಬಂದದ್ದು. ಅಕ್ಕ, ಪಕ್ಕ, ರೊಕ್ಕ ಎನ್ನುವ ನಾಲಿಗೆಗೆ, ತಶ್ದೀದ್ ಹಾಕಿ ಓದುವ ನಾಲಿಗೆಗೆ, ಬುಕ್ಕೀಪಿಂಗ್ ಕಷ್ಟವೇ? ಸೈನ್ಸ್‌ನವರ ‘ಟೆಸ್ಟ್ ಟ್ಯೂಬ್’ ಕೂಡ ಹೀಗೆಯೇ.

ಈಗ ಒತ್ತು. ಇಲ್ಲಿ ಒತ್ತು ಎಂದರೆ ಒತ್ತಕ್ಷರವಲ್ಲ, ಸ್ಟ್ರೆಸ್. ಒಂದು ಪದದಲ್ಲಿ ಯಾವುದೋ ಒಂದು ಉಚ್ಚಾರಾಂಶವನ್ನು ಉಳಿದವಕ್ಕಿಂತ ಜೋರಾಗಿ, ಉದ್ದವಾಗಿ, ಸ್ವಲ್ಪ ಏರುದನಿಯಲ್ಲಿ ಹೇಳುವುದು. ನಿಘಂಟುಗಳಲ್ಲಿ ಆ ಉಚ್ಚಾರಾಂಶದ ಮುಂಚೆ ಮೇಲ್ಗಡೆ ಒಂದು ಪುಟ್ಟ ಗೆರೆ ಹಾಕಿರುತ್ತಾರೆ, ನಾನೂ ಇಲ್ಲಿ ಅದನ್ನೇ ಹಾಕುತ್ತೇನೆ: ˈಟೇಬಲ್, ಹೊˈಟೆಲ್. ಒತ್ತು ಬಿದ್ದದ್ದು ಬೆಳೆಯುತ್ತದೆ, ಬೀಳದ್ದು ಕುಗ್ಗುತ್ತದೆ. ಕುಗ್ಗಿದ ಸ್ವರ ಎಷ್ಟೋ ಸಲ ಗುರುತೇ ಸಿಗದಂತೆ ಅರ್ಧ ‘ಅ’ಕಾರವಾಗಿಬಿಡುತ್ತದೆ.

ನಮಗೆ ಇದು ಕಷ್ಟ. ಏಕೆಂದರೆ ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಮಾತ್ರೆ ಸಿಗಲೇಬೇಕು. ಕಡು ಎಂದರೆ ಒಂದು, ಕಾಡು ಎಂದರೆ ಇನ್ನೊಂದು. ತಜ್ವೀದ್ ಕಲಿತವರಿಗೂ ಹಾಗೆಯೇ. ಮದ್ದ್ ಇದ್ದಲ್ಲಿ ಎರಡು ಹರಕತ್ ಎಳೆಯಬೇಕು, ಇಲ್ಲದಲ್ಲಿ ಎಳೆಯಬಾರದು. ಅಳತೆ ಅಕ್ಷರದಲ್ಲೇ ಇದೆ. ಇಂಗ್ಲಿಷಿನಲ್ಲಿ ಅಳತೆಯನ್ನು ಹಂಚುವುದು ಒತ್ತು. ಈ ವ್ಯತ್ಯಾಸದ ಜೊತೆ ಸೆಣಸಿದ ಹಿರಿಯರು ನಮ್ಮ ಜಿಲ್ಲೆಯಲ್ಲೇ ಇದ್ದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1920ರ ದಶಕದಲ್ಲಿ ‘ಇಂಗ್ಲಿಷ್ ಗೀತಗಳು’ ಹೊರತಂದರಲ್ಲ, ಆ ಮೂಲ ಕವಿತೆಗಳ ಲಯ ನಡೆಯುವುದು ಒತ್ತಿನ ಮೇಲೆ. ಕನ್ನಡಕ್ಕೆ ತರುವಾಗ ಅವರು ಮಾತ್ರೆಗಳ ಗಣಗಳನ್ನು ಹೊಸದಾಗಿ ಹೊಂದಿಸಬೇಕಾಯಿತು. ಅವರಂಥವರಿಗೇ ಅದು ಕೆಲಸ ಕೊಟ್ಟಿತು ಅಂದಮೇಲೆ ನಿಮಗೆ ಒಂದು ವಾರದಲ್ಲಿ ಬರಲಿಲ್ಲವೆಂದು ಬೇಜಾರು ಬೇಡ.

ಎರಡು ಪದ ಸೇರಿ ಒಂದಾಯಿತು ಎಂದು ಕನ್ನಡ ಹೇಗೆ ತೋರಿಸುತ್ತದೆ? ಎಷ್ಟೋ ಕಡೆ ವ್ಯಂಜನ ಬದಲಿಸಿ. ಹುಲ್ಲು, ಕಾವಲು ಬೇರೆಬೇರೆ; ಸೇರಿದರೆ ಹುಲ್ಲುಗಾವಲು. ಮಳೆ, ಕಾಲ ಸೇರಿದರೆ ಮಳೆಗಾಲ. ನಮ್ಮ ಗಾವಡಗೆರೆಯ ಕೊನೆಯಲ್ಲಿರುವ ‘ಗೆರೆ’ ಕೂಡ ಕೆರೆಯೇ, ಆದೇಶ ಸಂಧಿಯಾಗಿ ‘ಕ’ ಹೋಗಿ ‘ಗ’ ಬಂದಿದೆ. ಹುಣಸೆಗೆ ಊರು ಸೇರಿ ಹುಣಸೂರು ಆಗುವಾಗ ಒಂದು ಸ್ವರವೇ ಲೋಪವಾಯಿತು. ಇಂಗ್ಲಿಷ್ ಇದೇ ಕೆಲಸವನ್ನು ಒತ್ತಿನಿಂದ ಮಾಡುತ್ತದೆ. ಅಕ್ಷರ ಒಂದೂ ಬದಲಾಗುವುದಿಲ್ಲ, ಒತ್ತು ಮಾತ್ರ ಮೊದಲ ಪದಕ್ಕೆ ಸರಿಯುತ್ತದೆ.

ಬ್ಲ್ಯಾಕ್ ˈಬೋರ್ಡ್ ಎಂದರೆ ಕಪ್ಪು ಬಣ್ಣದ ಒಂದು ಹಲಗೆ. ˈಬ್ಲ್ಯಾಕ್‌ಬೋರ್ಡ್ ಎಂದರೆ ತರಗತಿಯಲ್ಲಿ ಬರೆಯುವ ಹಲಗೆ. ಅದಕ್ಕೆ ಹಸಿರು ಬಣ್ಣ ಬಳಿದಿದ್ದರೂ ಅದು ˈಬ್ಲ್ಯಾಕ್‌ಬೋರ್ಡೇ. ಗ್ರೀನ್ ˈಹೌಸ್ ನಿಮ್ಮ ಬೀದಿಯಲ್ಲಿ ಹಸಿರು ಸುಣ್ಣ ಹೊಡೆದ ಮನೆ, ˈಗ್ರೀನ್‌ಹೌಸ್ ಸಸಿ ಬೆಳೆಸುವ ಗಾಜಿನ ಮನೆ. ವೈಟ್ ˈಹೌಸ್ ಯಾರದ್ದಾದರೂ ಇರಬಹುದು, ˈವೈಟ್ ಹೌಸ್ ವಾಷಿಂಗ್ಟನ್ನಿನಲ್ಲಿ ಮಾತ್ರ ಇದೆ. ಸಮಾರಂಭಗಳಲ್ಲಿ ನಿರೂಪಣೆ ಮಾಡುವ ವಿದ್ಯಾರ್ಥಿಗಳು ನನ್ನನ್ನು ‘ಅವರ್ ಇಂಗ್ಲಿಷ್ ˈಟೀಚರ್’ ಎಂದು ಎರಡನೇ ಪದಕ್ಕೆ ಒತ್ತು ಕೊಟ್ಟು ಕರೆಯುತ್ತೀರಿ. ಹಾಗೆಂದರೆ ಇಂಗ್ಲೆಂಡಿನಿಂದ ಬಂದ ಮೇಷ್ಟ್ರು. ನಾನು ˈಇಂಗ್ಲಿಷ್ ಟೀಚರ್, ಇಂಗ್ಲಿಷ್ ಕಲಿಸುವವನು. ಪಾಸ್‌ಪೋರ್ಟೂ ಇಲ್ಲದವನನ್ನು ದೊರೆಗಳ ದೇಶದವನನ್ನಾಗಿ ಮಾಡಬೇಡಿ.

ಒಂದು ಎಚ್ಚರ. ಒತ್ತು ಮೊದಲ ಪದಕ್ಕೆ ಎಂದರೆ ಯಾವಾಗಲೂ ಮೊದಲ ಉಚ್ಚಾರಾಂಶಕ್ಕೆ ಎಂದಲ್ಲ. ನಮ್ಮ ತಂಬಾಕು ಬೆಳೆಗಾರರ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಟೊಬ್ಯಾಕೊ ಬೋರ್ಡ್ ತೆಗೆದುಕೊಳ್ಳಿ. ಟೊಬ್ಯಾಕೊ ಎಂಬ ಪದದಲ್ಲೇ ಒತ್ತು ನಡುವಿನಲ್ಲಿದೆ. ಜೋಡುಪದವಾದ ಮೇಲೂ ಅದು ಅಲ್ಲೇ: ಟೊ-ˈಬ್ಯಾ-ಕೊ ಬೋರ್ಡ್. ಬೆಂಗಳೂರಿನ ಕ-ˈಮರ್-ಷಲ್ ಸ್ಟ್ರೀಟ್ ಕೂಡ ಹಾಗೆ.

ಸ್ಟ್ರೀಟ್ ಎಂದಾಗ ನೆನಪಾಯಿತು. ಹೆಸರಿನ ಕೊನೆಯಲ್ಲಿ ಸ್ಟ್ರೀಟ್ ಇದ್ದರೆ ಒತ್ತು ಮೊದಲ ಪದಕ್ಕೆ, ರೋಡ್ ಇದ್ದರೆ ಒತ್ತು ರೋಡಿಗೆ. ಬ್ರಿಗೇಡ್ ˈರೋಡ್, ಮೈಸೂರಿನ ಅಶೋಕ ˈರೋಡ್, ಇರ್ವಿನ್ ˈರೋಡ್. ತಿಂಡಿಗಳಲ್ಲೂ ಇಂಥ ಪಕ್ಷಪಾತವಿದೆ: ˈಆಪಲ್ ಕೇಕ್, ಆದರೆ ಆಪಲ್ ˈಪೈ. ಯಾಕೆ ಎಂದು ಕೇಳಬೇಡಿ, ಇಂಗ್ಲಿಷರಿಗೂ ಉತ್ತರ ಸಿಕ್ಕಿಲ್ಲ.

ನಾಮಪದಗಳು ಹೀಗಾದರೆ, ಕ್ರಿಯಾಪದ ಮತ್ತು ಗುಣವಾಚಕಗಳ ಜೋಡುಪದಗಳಲ್ಲಿ ಒತ್ತು ಸಾಮಾನ್ಯವಾಗಿ ಎರಡನೆಯ ಭಾಗಕ್ಕೆ ಬೀಳುತ್ತದೆ. ಅಂಡರ್ˈಸ್ಟ್ಯಾಂಡ್, ಓವರ್ˈಟೇಕ್, ಓಲ್ಡ್-ˈಫ್ಯಾಷನ್ಡ್, ಬ್ಯಾಡ್-ˈಟೆಂಪರ್ಡ್. ಆಟೋದಲ್ಲಿ ಹತ್ತು ಜನ ಕೂತರೆ ಆ ಹೊರೆ ˈಓವರ್‌ಲೋಡ್. ಹಾಗೆ ತುಂಬುವ ಕ್ರಿಯೆ ಓವರ್ˈಲೋಡ್. ಬಸ್ಸು ಕೆಟ್ಟು ನಿಂತರೆ ಅದು ˈಬ್ರೇಕ್‌ಡೌನ್, ಕೆಡುವುದು ಬ್ರೇಕ್ ˈಡೌನ್. ತಡವಾಗಿ ಬರುವವರು ನನ್ನೆದುರು ಈ ಪದವನ್ನು ಆಗಾಗ ಬಳಸುವುದರಿಂದ ಸರಿಯಾಗಿ ಬಳಸಿ ಎಂಬುದಷ್ಟೇ ನನ್ನ ಕೋರಿಕೆ.

ಬಹಳ ಕಾಲ ಒಟ್ಟಿಗೆ ಬಾಳಿದ ಜೋಡುಪದಗಳು ಸವೆದೂ ಹೋಗುತ್ತವೆ. ಹಿರಿದು ಮತ್ತು ಬೆರಳು ಸೇರಿ ಹೆಬ್ಬೆರಳು ಆದದ್ದನ್ನು ನೋಡಿದರೆ ‘ಹಿರಿದು’ ಎಲ್ಲಿದೆ ಎಂದು ಹುಡುಕಬೇಕು. ಇಂಗ್ಲಿಷಿನಲ್ಲಿ ಕಪ್ ಮತ್ತು ಬೋರ್ಡ್ ಸೇರಿದ್ದು ಇಂದು ˈಕಬರ್ಡ್. ‘ಪ’ ಮಾಯ, ‘ಬೋರ್ಡ್’ ಕುಗ್ಗಿ ‘ಬರ್ಡ್’. ನಾನೇ ನೌಕರಿಗೆ ಸೇರಿದ ಹೊಸತರಲ್ಲಿ ಸ್ಪಷ್ಟವಾಗಿ ‘ಕಪ್-ಬೋರ್ಡ್’ ಎನ್ನುತ್ತಿದ್ದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವನು, ಆ ಪದವನ್ನು ಪುಸ್ತಕದಲ್ಲಿ ಕಂಡಿದ್ದೆನೇ ಹೊರತು ಯಾರ ಬಾಯಲ್ಲೂ ಕೇಳಿರಲಿಲ್ಲ. ಇನ್ನೊಂದು, ˈಬ್ರೆಕ್‌ಫಸ್ಟ್. ಬ್ರೇಕ್ ಮತ್ತು ಫಾಸ್ಟ್, ಎಂದರೆ ಉಪವಾಸ ಬಿಡುವುದು ಎಂಬ ಎರಡು ಪದಗಳಿಂದ ಆದದ್ದು. ಒಮ್ಮೆ ರಂಜಾನ್ ತಿಂಗಳಿನಲ್ಲಿ ಒಬ್ಬ ವಿದ್ಯಾರ್ಥಿ ರಜಾ ಅರ್ಜಿಯಲ್ಲಿ, ಸಂಜೆ ಆರೂವರೆಗೆ ಬ್ರೆಕ್‌ಫಸ್ಟ್ ಇರುವುದರಿಂದ ಬೇಗ ಬಿಡಬೇಕು ಎಂದು ಬರೆದಿದ್ದ. ಮೂಲ ನೋಡಿದರೆ ಅವನು ಬರೆದದ್ದು ತಪ್ಪೇ ಅಲ್ಲ, ಇಫ್ತಾರ್ ಎಂದರೆ ಅದೇ ತಾನೇ. ಆದರೆ ಬ್ರೇಕ್ ದ ˈಫಾಸ್ಟ್ ಎಂದು ಬಿಡಿಸಿ ಹೇಳಿದರೆ ಉಪವಾಸ ಬಿಡುವುದು. ಬೆಸೆದು, ಮೊದಲಿಗೆ ಒತ್ತು ಕೊಟ್ಟು, ಎರಡನ್ನೂ ಕುಗ್ಗಿಸಿದರೆ ಬೆಳಗಿನ ತಿಂಡಿ. ಬೇಗ ಬಿಟ್ಟೆ ಅನ್ನಿ.

ಇಷ್ಟೆಲ್ಲ ಯಾಕೆ, ಅರ್ಥವಾದರೆ ಸಾಲದೇ ಎಂದು ನೀವು ಕೇಳಬಹುದು. ಅರ್ಥವಾಗುವುದೇ ಇಲ್ಲಿಯ ಪ್ರಶ್ನೆ. ಹೈದರಾಬಾದಿನಲ್ಲಿ ಆರ್.ಕೆ. ಬನ್ಸಾಲ್ ಅವರು ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಎಷ್ಟು ತಿಳಿಯುತ್ತದೆ ಎಂದು ಅಧ್ಯಯನ ಮಾಡಿ 1969ರಲ್ಲಿ ಪ್ರಕಟಿಸಿದರು. ತಿಳಿಯದೇ ಹೋಗಲು ಅವರು ಕಂಡ ಮುಖ್ಯ ಕಾರಣಗಳಲ್ಲಿ ತಪ್ಪು ಜಾಗದ ಒತ್ತೂ ಒಂದು. ನನ್ನ ಅನುಭವವೂ ಅದೇ. ‘ಸ್ಟೋರ್’ ಎನ್ನಲು ಹೋಗಿ ‘ಇಸ್ಟೋರ್’ ಎಂದರೆ ಫೋನಿನ ಆ ಕಡೆಯವರಿಗೆ ತಿಳಿಯುತ್ತದೆ, ‘ಸ್ಟೋರು’ ಎಂದರೂ ತಿಳಿಯುತ್ತದೆ. ಒತ್ತು ಜಾಗ ಬದಲಿಸಿದರೆ ಅವರು ಬೇರೆಯೇ ಪದ ಹುಡುಕುತ್ತಾ ಕೂರುತ್ತಾರೆ, ಅಷ್ಟರಲ್ಲಿ ನಿಮ್ಮ ವಾಕ್ಯ ಮುಗಿದಿರುತ್ತದೆ. ಆದ್ದರಿಂದ ನನ್ನ ತರಗತಿಯಲ್ಲಿ ಈಗ ಮೊದಲು ಒತ್ತು ತಿದ್ದುತ್ತೇನೆ. ‘ಇ’ಕಾರ, ‘ಉ’ಕಾರಗಳ ಸರದಿ ಆಮೇಲೆ. ಮನೆಯಲ್ಲಿ ಅಮ್ಮೀಜಾನ್ ಜೊತೆ ಇಸ್ಕೂಲ್ ಎನ್ನಿ, ಅವ್ವನ ಜೊತೆ ಸ್ಕೂಲು ಎನ್ನಿ. ಆ ಪದಗಳು ಅಲ್ಲಿ ಸರಿಯಾಗಿಯೇ ಇವೆ.

ಎರಡು ವಾರದ ನಂತರ ನಾನು ಬೋರ್ಡಿನ ಮೇಲೆ ಇಸ್-ಟೋರ್-ರೂಮ್, ಸ್ಟೋರ್-ರೂ-ಮು ಎರಡನ್ನೂ ಒಂದರ ಕೆಳಗೊಂದು ಬರೆದು ಎಣಿಸಿ ತೋರಿಸಿದೆ. ತಿದ್ದಿದ್ದ ಹುಡುಗ ತಾನೇ ಎದ್ದು ಗಲ್ಲಕ್ಕೆ ಕೈ ಇಟ್ಟುಕೊಂಡು ಎರಡು ಸಲ ಎಣಿಸಿ, ‘ಹೌದು ಸರ್, ಮೂರು ಬತ್ತದೆ’ ಎಂದ. ಈ ಸಲ ನಕ್ಕವನು ಅವನೇ. ಆ ಹುಡುಗಿ ಅವತ್ತೂ ಏನೂ ಮಾತಾಡಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಸರ್, ಹಾಗಾದ್ರೆ ಅದ್ರಲ್ಲಿ ಒತ್ತು ಎಲ್ಲಿ ಬೀಳ್ತದೆ? ಸ್ಟೋರಿಗಾ, ರೂಮಿಗಾ?’ ಎಂದು ಕೇಳಿದಳು.

ಉತ್ತರ ನಿಮಗೂ ಈಗ ಗೊತ್ತಿರಬೇಕು. ಕೆಳಗಿನವನ್ನೂ ಬಿಡಿಸಿ, ಉಚ್ಚಾರಾಂಶ ಎಣಿಸಿ, ಒತ್ತಿನ ಗೆರೆ ಹಾಕಿ: ರೈನ್‌ಕೋಟ್, ಸನ್‌ಫ್ಲವರ್, ಟೈಮ್‌ಟೇಬಲ್, ಓವರ್‌ಫ್ಲೋ (ಕ್ರಿಯಾಪದ), ಆಕ್ಷನ್ ಪ್ಲಾಟ್‌ಫಾರ್ಮ್, ಹುಣಸೂರ್ ರೋಡ್. ಟೈಮ್‌ಟೇಬಲ್ ಪದದ ಕೊನೆಯಲ್ಲಿ ‘ಲ್’ ಒಂದೇ ಸ್ವರದ ಕೆಲಸವನ್ನೂ ಮಾಡುತ್ತದೆ, ಎಣಿಸುವಾಗ ನೋಡಿಕೊಳ್ಳಿ. ಒಂದು ಹಾಳೆಯಲ್ಲಿ ಬರೆದು ಶನಿವಾರದೊಳಗೆ ನನ್ನ ಮೇಜಿನ ಮೇಲೆ ಇಡಿ. ನಾನಿಲ್ಲದಿದ್ದರೆ ಪಕ್ಕದ ˈಕಬರ್ಡಿನಲ್ಲಿ ಇಟ್ಟರೂ ಆದೀತು, ಅದಕ್ಕೆ ಬೀಗವಿಲ್ಲ.